ಸ್ಲೌಚಿ ಟೋಪಿ ಕಿಟ್: ಉಲ್ಲನ್ ಚೆನ್ನಾಗಿದೆ, ಅಳತೆ ಮಾತ್ರ ನೀವೇ ಕೂಡಿಸಿಕೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಈ ಕಿಟ್ ತಗೊಳ್ಳಬಹುದು. ಉಲ್ಲನ್ ಚೆನ್ನಾಗಿದೆ, ಟೋಪಿಯ ಆಕಾರ ಚೆನ್ನಾಗಿದೆ, ನೆತ್ತಿಯ ಭಾಗವನ್ನಂತೂ ಹೆಣಿಗೆ ಬಲ್ಲವರೇ ಕೂತು ಬರೆದಿದ್ದಾರೆ ಅಂತ ಗೊತ್ತಾಗುತ್ತದೆ. ಆದರೆ ಜೊತೆಗೆ ಬರುವ ಚೀಟಿಯಲ್ಲಿ ಇರುವುದನ್ನು ಇರುವ ಹಾಗೇ ಮಾಡಿದರೆ ಟೋಪಿ ಹಣೆಯಿಂದ ಜಾರಿ ಹುಬ್ಬಿನ ಮೇಲೆ ಕೂರುತ್ತದೆ. ಅದು ನಿಮ್ಮ ಕೈಯ ತಪ್ಪಲ್ಲ. ಚೀಟಿಯ ಲೆಕ್ಕವೇ ಹಾಗಿದೆ. ಅದನ್ನು ಸರಿ ಮಾಡುವುದು ಕಷ್ಟವೂ ಅಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಡಬ್ಬದಲ್ಲಿ ಬರುವುದು ಇಷ್ಟು: 100 ಗ್ರಾಂ ಮೆರಿನೋ ಉಲ್ಲನ್, ಸುಮಾರು 200 ಮೀಟರ್, ವರ್ಸ್ಟೆಡ್ ಅಂದರೆ ಮಧ್ಯಮ ದಪ್ಪದ್ದು, ಸೂಪರ್‌ವಾಶ್ ಮಾಡಿದ್ದು. 5 ಮಿ.ಮೀ.ನ ಸರ್ಕ್ಯುಲರ್ ಕಡ್ಡಿ (ಎರಡು ಮೊನೆಗಳನ್ನು ನಡುವೆ ದಾರದಿಂದ ಸೇರಿಸಿದ್ದು), ಉದ್ದ 40 ಸೆಂ.ಮೀ. ಅದೇ ದಪ್ಪದ ಎರಡು ಕಡೆ ಚೂಪಿರುವ ಐದು ಬಿದಿರಿನ ಕಡ್ಡಿಗಳು. ಕೆಲವು ಮಾರ್ಕರ್, ಒಂದು ಮೊಂಡು ಸೂಜಿ, ಮತ್ತೆ ಆ ಚೀಟಿ. 4 ಮಿ.ಮೀ. ಕಡ್ಡಿ ಇಲ್ಲ. ನನ್ನ ದೊಡ್ಡ ತಕರಾರು ಅಲ್ಲೇ ಶುರುವಾಗುತ್ತದೆ.

ಸ್ಲೌಚಿ ಟೋಪಿ ಅಂದರೆ ಸುಮ್ನೆ ದೊಡ್ಡದಾಗಿ ಹೆಣೆದ ಟೋಪಿ ಅಂತ ಬಹಳ ಜನ ಅಂದುಕೊಂಡಿರುತ್ತಾರೆ, ಈ ಚೀಟಿ ಬರೆದವರೂ ಹಾಗೇ ಅಂದುಕೊಂಡ ಹಾಗಿದೆ. ಇದರಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಕೆಳಗಿನ ಪಟ್ಟಿ ತಲೆಯನ್ನು ಹಿಡಿದುಕೊಳ್ಳಬೇಕು. ಮೇಲಿನ ಭಾಗ ಸಡಿಲವಾಗಿ ಹಿಂದಕ್ಕೆ ಬೀಳಬೇಕು. ಮೇಲಿನದು ಎಷ್ಟು ಉದ್ದ, ಎಷ್ಟು ಅಗಲ ಆಗುತ್ತದೋ ಅಷ್ಟು ತೂಕ ಹಿಂದಕ್ಕೆ ಎಳೆಯುತ್ತದೆ, ಅಂದರೆ ಪಟ್ಟಿ ಅಷ್ಟೇ ಗಟ್ಟಿಯಾಗಿ ಹಿಡಿಯಬೇಕಾಗುತ್ತದೆ. ಮಾಮೂಲಿ ಬಿಗಿ ಟೋಪಿಯಲ್ಲಿ ಪಟ್ಟಿ ಸ್ವಲ್ಪ ಸಡಿಲ ಆದರೂ ನಡೆಯುತ್ತದೆ, ಟೋಪಿಯ ಉಳಿದ ಭಾಗವೇ ತಲೆಗೆ ಅಂಟಿ ನಿಂತಿರುತ್ತದೆ. ಇಲ್ಲಿ ಆ ಆಸರೆ ಇಲ್ಲ. ಹಾಗಾಗಿ ಎರಡು ಭಾಗಕ್ಕೂ ಒಂದೇ ಕಡ್ಡಿ, ಒಂದೇ ಕುಣಿಕೆ ಲೆಕ್ಕ ಕೊಟ್ಟರೆ ಒಂದು ಸರಿಯಾಗಿ ಇನ್ನೊಂದು ಕೆಡುತ್ತದೆ.

ಚೀಟಿ ಏನು ಹೇಳುತ್ತದೆ ನೋಡಿ. 5 ಮಿ.ಮೀ. ಕಡ್ಡಿಯಲ್ಲಿ 112 ಕುಣಿಕೆ ಹಾಕಿ, 1×1 ರಿಬ್‌ನಲ್ಲಿ 5 ಸೆಂ.ಮೀ. ಹೆಣೆಯಿರಿ, ಆಮೇಲೆ 40 ಸುತ್ತು ಬರೀ ನಿಟ್, ಆಮೇಲೆ ನೆತ್ತಿ. (ನಿಟ್ ಅಂದರೆ ಸೀದಾ ಹೆಣಿಗೆ, ಪರ್ಲ್ ಅಂದರೆ ಉಲ್ಟಾ. ಒಂದು ನಿಟ್, ಒಂದು ಪರ್ಲ್ ಹೆಣೆಯುತ್ತಾ ಹೋದರೆ 1×1 ರಿಬ್, ಎರಡೆರಡಾದರೆ 2×2.) ಗೇಜ್, ಅಂದರೆ ಇಷ್ಟು ಅಗಲಕ್ಕೆ ಎಷ್ಟು ಕುಣಿಕೆ ಅನ್ನುವ ಲೆಕ್ಕ: 10 ಸೆಂ.ಮೀ.ಗೆ 20 ಕುಣಿಕೆ. ಅಳತೆ: ‘ಎಲ್ಲರಿಗೂ ಸರಿಹೊಂದುತ್ತದೆ’. ಲೆಕ್ಕ ಹಾಕಿ, 112 ಕುಣಿಕೆ ಅಂದರೆ 56 ಸೆಂ.ಮೀ. ದೊಡ್ಡವರ ತಲೆಯ ಸುತ್ತಳತೆಯೇ ಹೆಚ್ಚುಕಡಿಮೆ ಅಷ್ಟು. ಪಟ್ಟಿ ತಲೆಯಷ್ಟೇ ಇದ್ದರೆ ಹಿಡಿಯುವುದು ಯಾವುದನ್ನು? ಪಟ್ಟಿ ಯಾವಾಗಲೂ ತಲೆಗಿಂತ ಚಿಕ್ಕದಾಗಿರಬೇಕು, ಹಿಗ್ಗಿಸಿಕೊಂಡು ಕೂರಬೇಕು. ನನ್ನ ಲೆಕ್ಕದಲ್ಲಿ 13ರಿಂದ 15 ಪರ್ಸೆಂಟ್ ಕಡಿಮೆ ಇದ್ದರೆ ಹಿತವಾಗಿರುತ್ತದೆ. 56ರ ತಲೆಗೆ 48 ಸೆಂ.ಮೀ. ಪಟ್ಟಿ. ಕೇಳಿದರೆ ತೀರಾ ಚಿಕ್ಕದು ಅನ್ನಿಸುತ್ತದೆ, ಆದರೆ ರಿಬ್ ಅದಕ್ಕಿಂತ ಎಷ್ಟೋ ಜಾಸ್ತಿ ಹಿಗ್ಗುತ್ತದೆ, ಹಣೆಯ ಮೇಲೆ ಗೆರೆಯೂ ಬೀಳುವುದಿಲ್ಲ.

ಇದರ ಮೇಲೆ ಇನ್ನೊಂದು ವಿಷಯ ಇದೆ, ಅದು ಈ ಉಲ್ಲನ್ನಿನ ಗುಣ. ಸೂಪರ್‌ವಾಶ್ ಅಂದರೆ ನೀರಿನಲ್ಲಿ ಗಂಟು ಕಟ್ಟಿ ಕುಗ್ಗದ ಹಾಗೆ ಎಳೆಯ ಮೇಲಿನ ಸಣ್ಣ ಹೊಪ್ಪಳೆಗಳನ್ನು ತೆಗೆದೋ ಮುಚ್ಚಿಯೋ ಮಾಡಿದ ಉಣ್ಣೆ. ತೊಳೆಯುವುದು ಸುಲಭ, ಚರ್ಮಕ್ಕೆ ಚುಚ್ಚುವುದೂ ಕಡಿಮೆ. ಆದರೆ ಆ ಹೊಪ್ಪಳೆಗಳೇ ಎಳೆಗಳನ್ನು ಒಂದಕ್ಕೊಂದು ಕಚ್ಚಿ ಹಿಡಿಯುತ್ತಿದ್ದವು. ಅವು ಕೆಲಸ ನಿಲ್ಲಿಸಿದ ಮೇಲೆ ಹೆಣಿಗೆ ಒದ್ದೆಯಾದಾಗ ಸಡಿಲವಾಗಿ ಬೆಳೆಯುತ್ತದೆ. ನಾನು ಟೋಪಿ ಶುರು ಮಾಡುವ ಮೊದಲು ಇದೇ ಕಡ್ಡಿಯಲ್ಲಿ ಒಂದು ಸ್ಯಾಂಪಲ್ ಹೆಣೆದೆ. ಕಡ್ಡಿಯಿಂದ ತೆಗೆದಾಗ ಚೀಟಿಯಲ್ಲಿದ್ದಂತೆ ಸರಿಯಾಗಿ 20 ಕುಣಿಕೆ. ನೆನೆಸಿ, ಹಿಂಡಿ, ಹರಡಿ ಒಣಗಿಸಿದ ಮೇಲೆ 18.5. ಕಡಿಮೆ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? 112 ಕುಣಿಕೆಗೆ ಅದು 60.5 ಸೆಂ.ಮೀ. ಆಯಿತು. ಅಂದರೆ ಮೊದಲ ಸಲ ತೊಳೆದ ಮೇಲೆ ಟೋಪಿ ನಾಲ್ಕೂವರೆ ಸೆಂಟಿಮೀಟರ್ ಅಗಲ ಆಗುತ್ತದೆ. ಚೀಟಿಯಲ್ಲಿ ಗೇಜ್ ತೊಳೆಯುವ ಮುಂಚಿನದೋ ಆಮೇಲಿನದೋ ಅಂತ ಒಂದು ಮಾತೂ ಇಲ್ಲ. ಸೂಪರ್‌ವಾಶ್ ಉಲ್ಲನ್ ಕೊಡುವವರು ಇದನ್ನು ಹೇಳಲೇಬೇಕು.

ಸ್ಯಾಂಪಲ್ ಬಗ್ಗೆ ಇನ್ನೊಂದು ಮಾತು. ಟೋಪಿಯನ್ನು ಸುತ್ತಿನಲ್ಲಿ ಹೆಣೆಯುತ್ತೀರಿ, ಹಾಗಾದರೆ ಸ್ಯಾಂಪಲ್ ಕೂಡ ಸುತ್ತಿನ ಹಾಗೇ ಇರಬೇಕು. ಚಪ್ಪಟೆ ಹೆಣೆದರೆ ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಬರುತ್ತದೆ, ಮತ್ತು ತುಂಬಾ ಜನರ ಕೈಯಲ್ಲಿ ಪರ್ಲ್ ಸಡಿಲ ಇರುತ್ತದೆ. ಸುತ್ತಿನಲ್ಲಿ ಬರೀ ನಿಟ್, ಹಾಗಾಗಿ ಗೇಜ್ ಬೇರೆಯಾಗುತ್ತದೆ. ಉಪಾಯ ಸುಲಭ. ಎರಡು ಕಡೆ ಚೂಪಿರುವ ಕಡ್ಡಿಯಲ್ಲಿ 30 ಕುಣಿಕೆ ಹಾಕಿ, ಒಂದು ಸಾಲು ನಿಟ್ ಮಾಡಿ, ತಿರುಗಿಸಬೇಡಿ, ಕುಣಿಕೆಗಳನ್ನು ಕಡ್ಡಿಯ ಇನ್ನೊಂದು ತುದಿಗೆ ತಳ್ಳಿ, ನೂಲನ್ನು ಹಿಂದೆ ಉದ್ದಕ್ಕೆ ಸಡಿಲವಾಗಿ ಬಿಟ್ಟು ಮತ್ತೆ ನಿಟ್ ಮಾಡಿ. ಅಂಚು ಕೆಟ್ಟದಾಗಿ ಕಾಣುತ್ತದೆ, ಕಾಣಲಿ, ಅಳೆಯುವುದು ನಡುವಿನ 10 ಸೆಂ.ಮೀ. ಮಾತ್ರ. ನೂಲನ್ನು ಕತ್ತರಿಸಬೇಡಿ. ಅಳೆದ ಮೇಲೆ ಬಿಚ್ಚಿ ಮತ್ತೆ ಸುತ್ತಿಡಿ, ಏಕೆ ಅಂತ ಆಮೇಲೆ ಹೇಳುತ್ತೇನೆ.

ಇನ್ನು ನಾನು ಬದಲಿಸಿಕೊಂಡ ಲೆಕ್ಕ. ಪಟ್ಟಿಗೆ ಬೇರೆ 4 ಮಿ.ಮೀ. ಕಡ್ಡಿ ಹಿಡಿದೆ. ಅದರಲ್ಲಿ ಈ ಉಲ್ಲನ್ ತೊಳೆದ ಮೇಲೆ 10 ಸೆಂ.ಮೀ.ಗೆ 20 ಕುಣಿಕೆ ಬರುತ್ತದೆ. 48 ಸೆಂ.ಮೀ. ಬೇಕು, ಅಂದರೆ 96 ಕುಣಿಕೆ. ಪಟ್ಟಿ ಮುಗಿದ ಮೇಲೆ 5 ಮಿ.ಮೀ.ಗೆ ಬದಲಾಯಿಸಿ, ಒಂದೇ ಸುತ್ತಿನಲ್ಲಿ ಪ್ರತಿ 6 ಕುಣಿಕೆಗೆ ಒಂದು ಏರಿಸುತ್ತಾ ಹೋದರೆ 16 ಏರಿಕೆ, ಒಟ್ಟು 112. ಚೀಟಿಯ ಸಂಖ್ಯೆಗೇ ಬಂದು ನಿಂತಿತು. ಮೇಲಿನ ಭಾಗ 60.5 ಸೆಂ.ಮೀ., ತಲೆಗಿಂತ ಸ್ವಲ್ಪ ದೊಡ್ಡದು, ಸ್ಲೌಚಿ ಬೀಳುವುದಕ್ಕೆ ಸರಿಯಾದ ಅಗಲ. ಇದರಿಂದ ಆಗುವ ದೊಡ್ಡ ಲಾಭ ಏನು ಅಂದರೆ ಅಲ್ಲಿಂದ ಮುಂದೆ ಚೀಟಿಯ ನೆತ್ತಿ ಭಾಗವನ್ನು ಒಂದಕ್ಷರ ಬದಲಿಸದೆ ಬಳಸಬಹುದು.

ತಲೆ ಚಿಕ್ಕದಿದ್ದರೆ, ಅಂದರೆ 52 ಸೆಂ.ಮೀ. ಹತ್ತಿರ, 88 ಕುಣಿಕೆ ಹಾಕಿ. ದೊಡ್ಡದಿದ್ದರೆ, 60 ಹತ್ತಿರ, 104. ಎರಡರಲ್ಲೂ ಏರಿಕೆ 16. 88ಕ್ಕೆ ಒಮ್ಮೆ 5 ಕುಣಿಕೆ ಆದ ಮೇಲೆ, ಒಮ್ಮೆ 6 ಆದ ಮೇಲೆ ಏರಿಸಿ, 104 ಆಗುತ್ತದೆ. 104ಕ್ಕೆ ಒಮ್ಮೆ 6, ಒಮ್ಮೆ 7, ಆಗ 120. ಎಲ್ಲವೂ 8ರಿಂದ ಭಾಗ ಆಗುವ ಸಂಖ್ಯೆಗಳು, ನೆತ್ತಿಯಲ್ಲಿ ಎಂಟು ಭಾಗ ಬರುವುದರಿಂದ ಅದು ಮುಖ್ಯ. ತಲೆಯ ಅಳತೆಯನ್ನು ಹಣೆಯ ನಡುವಿನಿಂದ, ಕಿವಿಯ ಮೇಲಿಂದ, ಹಿಂದೆ ತಲೆ ಹೆಚ್ಚು ಉಬ್ಬಿರುವ ಜಾಗದ ಮೇಲೆ ಟೇಪ್ ಹಾಯಿಸಿ ತೆಗೆಯಿರಿ. ಕೂದಲು ದಟ್ಟ ಇದ್ದರೆ ಅಥವಾ ಗಂಟು ಕಟ್ಟುವ ಅಭ್ಯಾಸ ಇದ್ದರೆ ಪಟ್ಟಿಗೆ ಕೈ ಹಾಕಬೇಡಿ, ಮೇಲಿನ ಉದ್ದ ಮಾತ್ರ ಹೆಚ್ಚಿಸಿ.

ಕುಣಿಕೆ ಹಾಕುವ ವಿಧಾನದಲ್ಲೂ ಚೀಟಿ ಜಿಪುಣತನ ಮಾಡಿದೆ. ಲಾಂಗ್ ಟೇಲ್ (ನೂಲಿನ ಉದ್ದ ಬಾಲ ಬಿಟ್ಟುಕೊಂಡು ಕುಣಿಕೆ ಹಾಕುವುದು) ಅಂತಷ್ಟೇ ಬರೆದಿದೆ. ಲಾಂಗ್ ಟೇಲ್ ಒಳ್ಳೆಯದೇ, ಆದರೆ ಬಿಗಿ ಕೈಯವರಿಗೆ ಅಂಚು ಹಗ್ಗದ ಹಾಗೆ ಗಟ್ಟಿಯಾಗಿ, ರಿಬ್ ಹಿಗ್ಗಿದರೂ ಅಂಚು ಹಿಗ್ಗುವುದಿಲ್ಲ. ಜನ ಇದಕ್ಕೆ ಕುಣಿಕೆಯನ್ನೇ ಸಡಿಲ ಮಾಡಿ ಹಾಕುತ್ತಾರೆ, ಅದರಿಂದ ಪ್ರಯೋಜನ ಇಲ್ಲ, ಅಂಚು ಅಲೆ ಅಲೆಯಾಗಿ ಕಾಣುತ್ತದೆ ಅಷ್ಟೇ. ಹಿಗ್ಗು ಬರುವುದು ಎರಡು ಕುಣಿಕೆಗಳ ನಡುವಿನ ಅಂತರದಿಂದ. ಒಂದು ಕುಣಿಕೆ ಹಾಕಿದ ಮೇಲೆ ಬಲಗೈ ತೋರುಬೆರಳನ್ನು ಕಡ್ಡಿಯ ಮೇಲೆ ಒತ್ತಿ ಹಿಡಿದು, ಬೆರಳಿನ ಈಚೆ ಮುಂದಿನ ಕುಣಿಕೆಯನ್ನು ಹಾಕಿ, ಆಗ ನಡುವೆ ಚೂರು ನೂಲು ಉಳಿಯುತ್ತದೆ. ಇಲ್ಲವಾದರೆ ಜರ್ಮನ್ ಟ್ವಿಸ್ಟೆಡ್ ವಿಧಾನ ಕಲಿತುಕೊಳ್ಳಿ, ಹೆಬ್ಬೆರಳಿನ ಸುತ್ತ ಒಂದು ತಿರುವು ಜಾಸ್ತಿ ಬರುವುದರಿಂದ ಅಂಚು ಚೆನ್ನಾಗಿ ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತದೆ. ನಾನು ಹಾಕಿದ್ದು ಅದೇ. 96 ಕುಣಿಕೆಗೆ ಬಾಲದ ನೂಲು ಒಂದೂವರೆ ಮೀಟರಿಗಿಂತ ಜಾಸ್ತಿಯೇ ಬಿಟ್ಟುಕೊಳ್ಳಿ, ಟ್ವಿಸ್ಟೆಡ್‌ಗೆ ಇನ್ನೂ ಸ್ವಲ್ಪ ಬೇಕು. ಸುತ್ತಿಗೆ ಸೇರಿಸುವ ಮುಂಚೆ ಎಲ್ಲ ಕುಣಿಕೆಗಳ ತಳವೂ ಕಡ್ಡಿಯ ಒಳಗಡೆಗೇ ನೋಡುತ್ತಿದೆಯಾ ಅಂತ ಬೆರಳಾಡಿಸಿ ನೋಡಿ. ಒಂದು ತಿರುಚು ಉಳಿದರೂ ಆಮೇಲೆ ಬಿಡಿಸಲು ಬರುವುದಿಲ್ಲ, ಪೂರ್ತಿ ಬಿಚ್ಚಬೇಕು.

ರಿಬ್‌ಗೆ ಚೀಟಿ 1×1 ಹೇಳುತ್ತದೆ. ನಾನು 2×2 ಮಾಡಿದೆ. ಈ ಉಲ್ಲನ್‌ನಲ್ಲಿ 2×2 ಹೆಚ್ಚು ಒಳಕ್ಕೆ ಎಳೆದುಕೊಳ್ಳುತ್ತದೆ, ಕಣ್ಣಿಗೂ ದಪ್ಪಗೆ ಚೆನ್ನಾಗಿ ಕಾಣುತ್ತದೆ. 1×1 ಬೇಕೇ ಬೇಕು ಅನ್ನುವವರು ನಿಟ್ ಕುಣಿಕೆಗಳನ್ನು ಹಿಂದಿನ ಕಾಲಿನಿಂದ, ಅಂದರೆ ಕುಣಿಕೆಯಲ್ಲಿ ಕಡ್ಡಿಯ ಹಿಂದಿರುವ ಎಳೆಯಿಂದ ಹೆಣೆಯಿರಿ, ತಿರುಚಿದ ರಿಬ್ ಬರುತ್ತದೆ, ಬೇಗ ಸಡಿಲ ಬೀಳುವುದಿಲ್ಲ. ಉದ್ದ 5 ಸೆಂ.ಮೀ. ಸಾಕು, 6 ಆದರೆ ಇನ್ನೂ ಚೆನ್ನ.

ಏರಿಕೆಯ ಸುತ್ತನ್ನು ಆತುರದಲ್ಲಿ ಮಾಡಬೇಡಿ. ಇಡೀ ಟೋಪಿಯಲ್ಲಿ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಎರಡು ಕುಣಿಕೆಗಳ ನಡುವೆ ಅಡ್ಡ ಮಲಗಿರುವ ಒಂದು ಎಳೆ ಕಾಣುತ್ತದೆ. ಎಡ ಕಡ್ಡಿಯ ತುದಿಯನ್ನು ಮುಂದಿನಿಂದ ಹಿಂದಕ್ಕೆ ಆ ಎಳೆಯ ಕೆಳಗೆ ತೂರಿಸಿ ಮೇಲೆತ್ತಿ. ಈಗ ಅದು ಕಡ್ಡಿಯ ಮೇಲೆ ಒಂದು ಕುಣಿಕೆ. ಅದನ್ನು ಮುಂದಿನ ಕಾಲಿನಿಂದ ಹೆಣೆದರೆ ಕೆಳಗೆ ಸಣ್ಣ ತೂತು ಬೀಳುತ್ತದೆ, ಹಿಂದಿನ ಕಾಲಿನಿಂದ ಹೆಣೆದರೆ ಎಳೆ ತಿರುಚಿಕೊಂಡು ತೂತು ಮುಚ್ಚಿಹೋಗುತ್ತದೆ. ಸ್ವಲ್ಪ ಬಿಗಿ ಅನ್ನಿಸುತ್ತದೆ, ಅದು ಬಿಗಿ ಇರಬೇಕಾದದ್ದೇ. ಚೀಟಿಯಲ್ಲಿ ಏರಿಕೆಯೇ ಇಲ್ಲದ್ದರಿಂದ ಇದನ್ನು ಹೇಳುವ ಪ್ರಸಂಗವೇ ಬಂದಿಲ್ಲ, ಆದರೆ ನನ್ನ ಪ್ರಕಾರ ಟೋಪಿ ಬೊಂಬಾಟ್ ಆಗಿ ಬೀಳುವುದು ಈ ಒಂದು ಸುತ್ತಿನಿಂದ. ಪಟ್ಟಿಯ ಮೇಲೆ ಬಟ್ಟೆ ತಟ್ಟನೆ ಅರಳುತ್ತದೆ, ನೆರಿಗೆ ಹಿಡಿದ ಹಾಗೆ ಕಾಣುವುದಿಲ್ಲ.

ಮಧ್ಯದ ಭಾಗಕ್ಕೆ ‘40 ಸುತ್ತು’ ಅಂತ ಕೊಟ್ಟಿದ್ದಾರೆ. ಸುತ್ತಿನ ಲೆಕ್ಕ ಕೊಡುವುದು ನನಗೆ ಇಷ್ಟ ಇಲ್ಲ. ತೊಳೆದ ಮೇಲೆ ನನ್ನ ಕೈಗೆ 10 ಸೆಂ.ಮೀ.ಗೆ 26 ಸುತ್ತು ಬರುತ್ತದೆ, ಆಗ 40 ಸುತ್ತು ಅಂದರೆ 15 ಸೆಂ.ಮೀ. ಚಿಲ್ಲರೆ. ಬಿಗಿ ಕೈಯವರಿಗೆ 30 ಸುತ್ತು ಬಂದರೆ ಅದೇ 40 ಸುತ್ತಿಗೆ 13 ಮಾತ್ರ. ಸ್ಲೌಚಿ ಟೋಪಿಯಲ್ಲಿ ಎರಡು ಸೆಂಟಿಮೀಟರ್ ಅಂದರೆ ಬಿತ್ತಾ ಇಲ್ಲವಾ ಅನ್ನುವಷ್ಟು ವ್ಯತ್ಯಾಸ. ಒಟ್ಟು ಉದ್ದ ನೋಡಿ: ಬಿಗಿ ಟೋಪಿ ಅಂಚಿನಿಂದ ನೆತ್ತಿಯವರೆಗೆ 20ರಿಂದ 22 ಸೆಂ.ಮೀ. ಇರುತ್ತದೆ, ಸ್ಲೌಚಿಗೆ 26ರಿಂದ 30 ಬೇಕು. ಪಟ್ಟಿ 5, ನೆತ್ತಿ ಸುಮಾರು 8, ಉಳಿದದ್ದು ಮಧ್ಯ. ಅಳೆಯುವಾಗ ಮೇಜಿನ ಮೇಲೆ ಮಲಗಿಸುವ ಬದಲು ಕಡ್ಡಿ ಹಿಡಿದೆತ್ತಿ ಇಳಿಬಿಟ್ಟು ಅಳೆಯಿರಿ, ತಲೆಯ ಮೇಲೆ ಬಟ್ಟೆ ಇರುವುದು ಹಾಗೇ ಜೋತಾಡಿಕೊಂಡು ತಾನೇ. ನೆತ್ತಿಗೆ ಕುಣಿಕೆ ಇಳಿಸುವುದಕ್ಕೆ, ಅಂದರೆ ಕಡಿಮೆ ಮಾಡುವುದಕ್ಕೆ ಮುಂಚೆ ಮೊಂಡು ಸೂಜಿಯಲ್ಲಿ ಬೇರೆ ಬಣ್ಣದ ನುಣುಪು ದಾರ ಪೋಣಿಸಿ ಎಲ್ಲ ಕುಣಿಕೆಗಳ ಮೂಲಕ ಹಾಯಿಸಿಬಿಡಿ. ನೆತ್ತಿ ಮುಗಿಸಿ ಹಾಕಿ ನೋಡಿದಾಗ ಗಿಡ್ಡ ಅನ್ನಿಸಿದರೆ ಅಲ್ಲಿವರೆಗೆ ಧೈರ್ಯವಾಗಿ ಬಿಚ್ಚಬಹುದು.

ನೆತ್ತಿಯನ್ನು ಮಾತ್ರ ಮನಸಾರೆ ಹೊಗಳುತ್ತೇನೆ. ಎಂಟು ಭಾಗ, ಒಂದೊಂದರಲ್ಲಿ 14 ಕುಣಿಕೆ, ಪ್ರತಿ ಭಾಗದ ಕೊನೆಯ ಎರಡನ್ನು ಸೇರಿಸಿ ಹೆಣೆಯಬೇಕು, ಒಂದು ಸುತ್ತು ಬಿಟ್ಟು ಒಂದು ಸುತ್ತು. ಭಾಗಕ್ಕೆ 7 ಉಳಿದಾಗ, ಅಂದರೆ ಒಟ್ಟು 56 ಆದಾಗ, ಅಲ್ಲಿಂದ ಪ್ರತಿ ಸುತ್ತಿನಲ್ಲೂ ಇಳಿಸಬೇಕು, 8 ಉಳಿಯುವವರೆಗೆ. ಒಟ್ಟು 20 ಸುತ್ತು. ಎಷ್ಟೋ ಟೋಪಿಗಳಲ್ಲಿ ನಿಧಾನಕ್ಕೆ ಇಳಿಸುತ್ತಾ ಹೋಗಿ ತುದಿಯಲ್ಲಿ ಒಂದು ಮೊನೆ ಎದ್ದು ನಿಂತಿರುತ್ತದೆ, ಸ್ಲೌಚಿಯಲ್ಲಿ ಅದು ಹಿಂದೆ ಜೋತುಬಿದ್ದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಇಲ್ಲಿ ಕೊನೆಯ ಆರು ಸುತ್ತಿನ ವೇಗದಿಂದ ತುದಿ ಚಪ್ಪಟೆಯಾಗಿ ಕೂರುತ್ತದೆ, ಮೇಲಿನಿಂದ ನೋಡಿದರೆ ಎಂಟು ಗೆರೆ ಸುಳಿಯಾಗಿ ಮಧ್ಯಕ್ಕೆ ಬಂದು ಸೇರುತ್ತವೆ. ಬಹಳ ಸೊಗಸು. 104 ಅಥವಾ 120 ಮಾಡಿಕೊಂಡವರು ಭಾಗಕ್ಕೆ 13 ಅಥವಾ 15 ಅಂತ ಹಿಡಿದು, 7 ಉಳಿಯುವವರೆಗೆ ಬಿಟ್ಟು ಬಿಟ್ಟು ಇಳಿಸಿದರೆ ಆಯಿತು. ಉಳಿದ 8 ಕುಣಿಕೆಗಳಲ್ಲಿ ನೂಲನ್ನು ಎರಡು ಸಲ ಹಾಯಿಸಿ ಎಳೆಯಿರಿ, ಒಂದೇ ಸಲ ಹಾಯಿಸಿದರೆ ದಿನ ಕಳೆದಂತೆ ಮಧ್ಯೆ ತೂತು ಬಾಯಿ ಬಿಡುತ್ತದೆ.

ಕಡ್ಡಿಗಳ ಬಗ್ಗೆ ಮಿಶ್ರ ಅಭಿಪ್ರಾಯ. 40 ಸೆಂ.ಮೀ. ಉದ್ದ ಟೋಪಿಗೆ ಸರಿಯಾದದ್ದು, ಅದನ್ನು ಆರಿಸಿದ್ದು ಒಳ್ಳೆಯದು. ಐದು ಬಿದಿರಿನ ಕಡ್ಡಿಗಳು ಹಗುರ, ಕುಣಿಕೆ ಜಾರುವುದಿಲ್ಲ, ಮೊದಲ ಸಲ ನಾಲ್ಕು ಕಡ್ಡಿಯ ಮೇಲೆ ಹಂಚಿ ಹೆಣೆಯುವವರಿಗೆ ಬಿದಿರೇ ವಾಸಿ. ಎರಡು ಕಡ್ಡಿ ಸೇರುವ ಜಾಗದಲ್ಲಿ ಏಣಿಯ ಹಾಗೆ ಸಡಿಲ ಗೆರೆ ಬರುತ್ತಿದ್ದರೆ ಹೊಸ ಕಡ್ಡಿಯ ಎರಡನೇ ಕುಣಿಕೆ ಹೆಣೆದ ಮೇಲೆ ನೂಲನ್ನು ಎಳೆದು ಬಿಗಿ ಮಾಡಿ, ಮೊದಲನೆಯದರಲ್ಲಿ ಎಳೆದರೆ ನಿಲ್ಲುವುದಿಲ್ಲ. ಸರ್ಕ್ಯುಲರ್ ಕಡ್ಡಿಯ ಜೋಡಣೆ ಮಾತ್ರ ಬೇಸರ ತಂದಿತು. ಬಿದಿರು ಮತ್ತು ನೈಲಾನ್ ದಾರ ಸೇರುವಲ್ಲಿ ಉಗುರು ತಗಲುವಷ್ಟು ಮೆಟ್ಟಿಲಿದೆ. ಒಂದೊಂದು ಕುಣಿಕೆಯೂ ಅಲ್ಲಿ ಬಂದು ನಿಲ್ಲುತ್ತದೆ, ಹೆಬ್ಬೆರಳಿನಿಂದ ತಳ್ಳಬೇಕು, ತಳ್ಳುವಾಗ ಉಲ್ಲನ್ನಿನ ಒಂದು ಎಳೆ ಸಿಕ್ಕಿಕೊಂಡು ಬಿಡಿಸಿಕೊಳ್ಳುತ್ತದೆ. ಇಷ್ಟು ಒಳ್ಳೆಯ ಉಲ್ಲನ್ ಕೊಟ್ಟು ಅದನ್ನು ಸವೆಸುವ ಕಡ್ಡಿ ಕೊಡಬಾರದಿತ್ತು. ದಾರವೂ ಡಬ್ಬದಲ್ಲಿ ಸುತ್ತಿಟ್ಟ ಆಕಾರದಲ್ಲೇ ಮುರುಟಿಕೊಂಡಿರುತ್ತದೆ, ಬಿಸಿನೀರಲ್ಲಿ ಸ್ವಲ್ಪ ಹೊತ್ತು ಅದ್ದಿ ನೇರ ಮಾಡಿಕೊಳ್ಳಿ. ನಿಮ್ಮ ಹತ್ತಿರ ಬೇರೆ ಒಳ್ಳೆಯ 5 ಮಿ.ಮೀ. ಇದ್ದರೆ ಅದನ್ನೇ ಬಳಸಿ, ಆದರೆ ಅದು ಲೋಹದ್ದಾಗಿದ್ದರೆ ಸ್ಯಾಂಪಲ್ ಕೂಡ ಅದರಲ್ಲೇ ಮಾಡಬೇಕು, ಕಡ್ಡಿಯ ವಸ್ತು ಬದಲಾದರೆ ಕೈಯ ಬಿಗಿಯೂ ಬದಲಾಗುತ್ತದೆ.

200 ಮೀಟರ್ ಸಾಕಾಗುತ್ತದಾ ಅಂದರೆ 112ರ ಅಳತೆಗೆ ಸಾಕು, ಸಣ್ಣ ಉಂಡೆ ಉಳಿಯುತ್ತದೆ. 120ಕ್ಕೆ, ಅದೂ 30 ಸೆಂ.ಮೀ. ಉದ್ದ ಬೇಕು ಅಂದರೆ ಬಹಳ ಬಿಗಿ ಲೆಕ್ಕ. ಸ್ಯಾಂಪಲ್ ಬಿಚ್ಚಿ ಇಟ್ಟುಕೊಳ್ಳಿ ಅಂದದ್ದು ಅದಕ್ಕೇ.

ತೊಳೆದು ಆಕಾರ ಕೊಡುವುದಕ್ಕೆ ಚೀಟಿಯಲ್ಲಿ ‘ಒಣಗಿಸಿ’ ಅಂತ ಒಂದೇ ಪದ ಇದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ತಿರುಚದೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ನೇತುಹಾಕಬೇಡಿ, ಸೂಪರ್‌ವಾಶ್ ಉಲ್ಲನ್ ಒದ್ದೆಯಲ್ಲಿ ತನ್ನ ತೂಕಕ್ಕೇ ಎಳೆದುಹೋಗುತ್ತದೆ. ಮೇಲಿನ ಭಾಗದೊಳಗೆ ಸುಮಾರು 25 ಸೆಂ.ಮೀ. ಅಗಲದ ತಟ್ಟೆ ತೂರಿಸಿದರೆ ಬೆರೆ ಅನ್ನುವ ಚಪ್ಪಟೆ ಟೋಪಿಯ ಹಾಗೆ ದುಂಡಗೆ ಬರುತ್ತದೆ, ತಟ್ಟೆ ಇಲ್ಲದೆ ಸುಮ್ನೆ ಹರಡಿದರೆ ಮೆತ್ತಗೆ ಬೀಳುವ ಸ್ಲೌಚಿ. ಎರಡರಲ್ಲೂ ಪಟ್ಟಿಯನ್ನು ಎಳೆಯಬೇಡಿ, ಬದಲಿಗೆ ಕೈಯಿಂದ ಒಳಕ್ಕೆ ಕೂಡಿಸಿ ಒಣಗಲು ಬಿಡಿ.

ಈಗಾಗಲೇ ಚೀಟಿಯ ಪ್ರಕಾರವೇ ಹೆಣೆದು ಪಟ್ಟಿ ದೊಗಲೆ ಆಗಿರುವವರು ಬಿಸಾಕಬೇಡಿ. ತೆಳು ಇಲಾಸ್ಟಿಕ್ ದಾರವನ್ನು ಪಟ್ಟಿಯ ಒಳಮೈಯಲ್ಲಿ, ಹೊರಗೆ ಕಾಣದ ಹಾಗೆ ಕುಣಿಕೆಗಳ ಹಿಂದಿನಿಂದ ಎರಡು ಮೂರು ಸುತ್ತು ಪೋಣಿಸಿದರೆ ತಾತ್ಕಾಲಿಕವಾಗಿ ನಿಲ್ಲುತ್ತದೆ. ಸರಿಯಾದ ಪರಿಹಾರ ಬೇಕು ಅಂದರೆ ರಿಬ್ ಮುಗಿದ ಮೇಲಿನ ಮೊದಲ ನಿಟ್ ಸುತ್ತಿನ 112 ಕುಣಿಕೆಗಳನ್ನೂ 4 ಮಿ.ಮೀ. ಕಡ್ಡಿಗೆ ಎತ್ತಿಕೊಂಡು, ಅದರ ಕೆಳಗಿನ ಸುತ್ತಿನ ಒಂದು ಎಳೆ ಕತ್ತರಿಸಿ ಹಳೆಯ ಪಟ್ಟಿಯನ್ನು ಬೇರೆ ಮಾಡಿ, ಮೊದಲ ಸುತ್ತಿನಲ್ಲೇ 5 ಹೆಣೆದು 2 ಸೇರಿಸುತ್ತಾ 96ಕ್ಕೆ ಇಳಿಸಿ, ಕೆಳಮುಖವಾಗಿ ಹೊಸ ರಿಬ್ ಹೆಣೆಯಬಹುದು. ಕತ್ತರಿ ಹಾಕಲು ಹೆದರಿಕೆ ಆಗುತ್ತದೆ, ಆದರೆ ಕುಣಿಕೆಗಳು ಕಡ್ಡಿಯ ಮೇಲೆ ಇರುವವರೆಗೆ ಏನೂ ಆಗುವುದಿಲ್ಲ. ಕೊನೆಯಲ್ಲಿ ಮುಚ್ಚುವಾಗ ಹಿಗ್ಗುವ ವಿಧಾನದಲ್ಲೇ ಮುಚ್ಚಿ.

ಮೊದಲ ಸಲ ಟೋಪಿ ಹೆಣೆಯುವವರಿಗೆ ಈ ಕಿಟ್ ಒಂದನ್ನೇ ಕೈಗೆ ಕೊಟ್ಟು ಬಿಟ್ಟರೆ ಕಷ್ಟ, ಜೊತೆಗೆ 4 ಮಿ.ಮೀ. ಸರ್ಕ್ಯುಲರ್ ಕಡ್ಡಿ ಒಂದು ತಗೊಳ್ಳಿ, ಪಟ್ಟಿಯ ಲೆಕ್ಕ ಮೇಲಿನ ಹಾಗೆ ಬದಲಿಸಿಕೊಳ್ಳಿ. ಹೆಣಿಗೆ ಗೊತ್ತಿರುವವರಿಗೆ ಉಲ್ಲನ್ನಿಗಾಗಿ ಮತ್ತು ಆ ನೆತ್ತಿಗಾಗಿ ಕಣ್ಣುಮುಚ್ಚಿ ಹೇಳುತ್ತೇನೆ, ತಗೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ತಯಾರಿಸುವವರು ಚೀಟಿಯ ಮುಂದಿನ ಮುದ್ರಣದಲ್ಲಿ ತೊಳೆದ ಮೇಲಿನ ಗೇಜ್, ಮೂರು ತಲೆ ಅಳತೆ, ಮಧ್ಯಭಾಗಕ್ಕೆ ಸೆಂಟಿಮೀಟರ್ ಲೆಕ್ಕ ಹಾಕಿ, ಆ ಜೋಡಣೆಯನ್ನು ನುಣುಪು ಮಾಡಿದರೆ ಪೂರ್ತಿ ಐದು ಕೊಡುವುದಕ್ಕೆ ನನಗೇನೂ ಅಡ್ಡಿ ಇಲ್ಲ.